ಟೆಂಟ್ ಆಮೇಲೆ ನೋಡೋಣ, ಮೊದಲು ಟೈರು

ಸೈಕಲ್ ಪ್ರವಾಸ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಟೆಂಟಿನ ಬಗ್ಗೆ. ಯಾವುದು ತಗೊಳ್ಳಲಿ, ಎಷ್ಟು ಜನದ್ದು, ಎಷ್ಟು ತೂಕ ಅಂತ. ರಾತ್ರಿ ಮಲಗಲು ಯಾರ ಹತ್ತಿರ ಜಾಗ ಕೇಳಬೇಕು ಅಂತ ಕೇಳಿದ್ದು ಒಂದೇ ಪತ್ರ. ಕಮ್ಮಿ ದುಡ್ಡಲ್ಲಿ ಊರು ಸುತ್ತುವವರಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಹಾಗಾಗಿ ಆ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ, ಬೇರೆಯವರು ಬೇಜಾರು ಮಾಡಿಕೊಳ್ಳಬೇಡಿ.

ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ಮಂಡ್ಯ ಜಿಲ್ಲೆಯ ಹೈಸ್ಕೂಲುಗಳಲ್ಲಿ ಲೆಕ್ಕ ಹೇಳಿಕೊಟ್ಟು ರಿಟೈರ್ ಆದವಳು. ಈಗ ಮೈಸೂರಿನ ಸರಸ್ವತಿಪುರಂನಲ್ಲಿದ್ದೇನೆ. ಸ್ಟೀಲ್ ಫ್ರೇಮಿನ ಸೈಕಲ್, ಹಿಂದೆ ಏಳು ಗೇರು, ಕ್ಯಾರಿಯರ್ ಮೇಲೆ ಎರಡು ಚೀಲ. ನನ್ನ ಆಸ್ತಿ ಇಷ್ಟೇ.

ಪ್ರಶ್ನೆ: ನಾನು ಡಿಗ್ರಿ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ತಾತನ ಹಳೇ ಸೈಕಲ್ ಇದೆ. ರಾಡ್ ಬ್ರೇಕಿನದು, ಗೇರ್ ಇಲ್ಲ. ಕೈಯಲ್ಲಿ 5,000 ರೂಪಾಯಿ ಇದೆ. ಡಿಸೆಂಬರ್ ರಜದಲ್ಲಿ ಮಡಿಕೇರಿಗೆ ಹೋಗಿಬರಬೇಕು ಅಂತ ಆಸೆ. ಫ್ರೆಂಡ್ಸ್ ನಗುತ್ತಾರೆ. ಆಗುತ್ತಾ ಮೇಡಂ? ಎಂಥ ಟೆಂಟ್ ತಗೊಳ್ಳಲಿ?
— ವಿದ್ಯಾರ್ಥಿ, ಮಂಡ್ಯ

ಉತ್ತರ: ನಗಲಿ ಬಿಡಪ್ಪ. (ಮೇಡಂ ಅಂದಿದ್ದೀಯ, ಹಳೇ ಅಭ್ಯಾಸದಂತೆ ನೀನು ಅಂತಲೇ ಬರೆಯುತ್ತೇನೆ.) 1923ರಲ್ಲಿ ಮುಂಬೈಯಿಂದ ಆರು ಜನ ಪಾರ್ಸಿ ಹುಡುಗರು ಸೈಕಲ್ ಹತ್ತಿ ಪ್ರಪಂಚ ಸುತ್ತಲು ಹೊರಟರು. ಅವರಲ್ಲಿ ಮೂವರು 1928ರಲ್ಲಿ ಸುತ್ತು ಮುಗಿಸಿ ವಾಪಸ್ ಬಂದರು. ಅವತ್ತೂ ನಕ್ಕವರು ಇದ್ದೇ ಇರುತ್ತಾರೆ.

ಟೆಂಟ್ ಮಾತು ಸದ್ಯಕ್ಕೆ ಬೇಡ. ದುಡ್ಡನ್ನು ಸೈಕಲ್ಲಿಗೆ ಹಾಕು. ಮೊದಲು ಎರಡೂ ಟೈರು ನೋಡು. ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಇದ್ದರೆ, ಒಳಗಿನ ನೂಲು ಕಾಣುತ್ತಿದ್ದರೆ, ಎರಡನ್ನೂ ಬದಲಾಯಿಸು. 28 ಇಂಚಿನ ಹಳೇ ಸೈಜಿನ ಟೈರು, ಟ್ಯೂಬು ನಮ್ಮ ಕಡೆ ಹಳ್ಳಿ ಅಂಗಡಿಯಲ್ಲೂ ಸಿಗುತ್ತದೆ. ಲಕ್ಷ ರೂಪಾಯಿ ಸೈಕಲ್ಲಿನವನಿಗೆ ಪಿರಿಯಾಪಟ್ಟಣದಲ್ಲಿ ಟೈರು ಹರಿದರೆ ಅವನು ಮೈಸೂರಿಗೇ ಬರಬೇಕು. ನಿನಗೆ ಆ ಫಜೀತಿ ಇಲ್ಲ.

ಆಮೇಲೆ ಫ್ರೀವೀಲ್, ಅಂದರೆ ಹಿಂದಿನ ಚಕ್ರದಲ್ಲಿ ಚೈನು ಕೂರುವ ಹಲ್ಲಿನ ಬಿಲ್ಲೆ. ಹಲ್ಲು ಎಣಿಸು. ಮುಂದೆ 44, ಹಿಂದೆ 18 ಇದ್ದರೆ, ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಸುಮಾರು 5.4 ಮೀಟರ್ ಹೋಗುತ್ತದೆ. ಊರೊಳಗೆ ಓಡಾಡಲು ಅದು ಸರಿ. ಹಿಂದೆ ಚೀಲ ಕಟ್ಟಿಕೊಂಡು ಏರು ಹತ್ತುವಾಗ ಮಂಡಿ ಕಿತ್ತುಹೋಗುತ್ತದೆ. ಹಿಂದಿನದನ್ನು ತೆಗೆದು 22 ಹಲ್ಲಿನದು ಹಾಕಿಸು. ಆಗ ಒಂದು ಸುತ್ತಿಗೆ 4.4 ಮೀಟರ್. ಸ್ಪೀಡ್ ಕಮ್ಮಿ ಆಗುತ್ತದೆ, ತುಳಿಯುವುದು ಹಗುರ ಆಗುತ್ತದೆ. ಚೈನಿಗೆ ಒಂದು ಕೊಂಡಿ ಜಾಸ್ತಿ ಬೇಕಾಗಬಹುದು, ಅಂಗಡಿಯವರೇ ನೋಡಿ ಹಾಕುತ್ತಾರೆ. ಹಾಗೇ ಪೆಡಲ್ ಕಾಲನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ ಎರಡೂ ಹೊಸದು ಹಾಕಿಸು. ತುಳಿಯುವಾಗ ಟಕ್ ಟಕ್ ಅಂದರೆ ಅದು ಸವೆದಿದೆ ಅಂತ ಅರ್ಥ. ಚಕ್ರದ ನಡುವಿನ ಹಬ್‌ನ ಬಾಲ್ಸ್, ಗ್ರೀಸು ಹೊಸದಾಗಲಿ. ಇಷ್ಟೆಲ್ಲ ಮಾಡಿಸಿದರೂ ಕೈಯಲ್ಲಿ ದುಡ್ಡು ಉಳಿಯುತ್ತದೆ. ಅದು ಊಟಕ್ಕೆ.

ಇನ್ನು ಮಡಿಕೇರಿ. ಹತ್ತುವುದು ಕಷ್ಟವಲ್ಲ. ಆಗದಿದ್ದರೆ ಇಳಿದು ತಳ್ಳಿದರಾಯಿತು, ಅದರಲ್ಲಿ ಮರ್ಯಾದೆ ಏನೂ ಹೋಗುವುದಿಲ್ಲ. ನನಗೆ ಯೋಚನೆ ಇರುವುದು ಇಳಿಯುವುದರ ಬಗ್ಗೆ. ರಾಡ್ ಬ್ರೇಕಿನ ರಬ್ಬರು ಸ್ಟೀಲ್ ರಿಮ್ಮಿನ ಒಳಮೈಯನ್ನು ಹಿಡಿಯುತ್ತದೆ. ರಿಮ್ಮು ಒದ್ದೆಯಾದರೆ ಹಿಡಿತವೇ ಇರುವುದಿಲ್ಲ. ಕೊಡಗಿನ ಬೆಳಗಿನ ಇಬ್ಬನಿಯಲ್ಲಿ, ಬಸ್ಸು ಬರುವ ತಿರುವಿನಲ್ಲಿ, ಬೆನ್ನ ಹಿಂದೆ ಹತ್ತು ಕೆಜಿ ಚೀಲ ಇಟ್ಟುಕೊಂಡು ಆ ಬ್ರೇಕ್ ನಂಬಬೇಡ. ಕುಶಾಲನಗರದವರೆಗೆ ಧಾರಾಳವಾಗಿ ಹೋಗು. ಮೊದಲ ದಿನ ಮೈಸೂರು ದಾಟಿ ಇಲವಾಲ, ಎರಡನೇ ದಿನ ಹುಣಸೂರಿನ ಮೇಲೆ ಪಿರಿಯಾಪಟ್ಟಣ, ಮಾರನೇ ದಿನ ಬೆಳಿಗ್ಗೆ ಕುಶಾಲನಗರ. ದಿನಕ್ಕೆ 60 ಕಿಲೋಮೀಟರಿನ ಒಳಗೇ ಬರುತ್ತದೆ. ಸೈಕಲ್ಲನ್ನು ಅಲ್ಲಿ ಯಾವುದಾದರೂ ಸೈಕಲ್ ಶಾಪಿನಲ್ಲಿ ಕೇಳಿ ಬಿಟ್ಟು, ಬಸ್ಸಲ್ಲಿ ಮಡಿಕೇರಿ ನೋಡಿ ಬಾ. ಫ್ರೆಂಡ್ಸ್ ಕೇಳಿದರೆ ಫೋಟೊ ತೋರಿಸು.

ಪ್ರಶ್ನೆ: ನಾವು ಇಬ್ಬರು ಸ್ನೇಹಿತೆಯರು, ಕೆಲಸದಲ್ಲಿದ್ದೇವೆ. ಟಿ. ನರಸೀಪುರ, ತಲಕಾಡು, ಶಿವನಸಮುದ್ರ ಕಡೆ ಸೈಕಲ್ಲಲ್ಲಿ ಹೋಗಿ ಕಾವೇರಿ ದಡದಲ್ಲಿ ಟೆಂಟ್ ಹಾಕಬೇಕು ಅಂತ ಪ್ಲಾನ್. ಲಾಡ್ಜಿಗೆ ದುಡ್ಡು ಕೊಡಲು ಇಷ್ಟ ಇಲ್ಲ. ಸೇಫಾ? ರಾತ್ರಿ ಜಾಗಕ್ಕೆ ಯಾರನ್ನು ಕೇಳಬೇಕು?
— ಇಬ್ಬರು ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ದಾರಿ ಚೆನ್ನಾಗಿ ಆರಿಸಿದ್ದೀರಿ. ಗದ್ದೆ, ನಾಲೆ, ತೆಂಗಿನ ತೋಟ, ದೊಡ್ಡ ಏರು ಅಂತ ಏನೂ ಇಲ್ಲ. ಆದರೆ ಹೊಳೆ ದಡ ಬೇಡ.

ಫೋಟೊದಲ್ಲಿ ಹೊಳೆ ಮರಳಿನ ಮೇಲೆ ಟೆಂಟ್ ಚೆಂದ ಕಾಣುತ್ತದೆ. ಆ ಮರಳು ಹೊಳೆಯದೇ, ನಮ್ಮದಲ್ಲ. ಮೇಲೆ ಮಳೆ ಹಿಡಿದು, ಕೆಆರ್‌ಎಸ್ 124 ಅಡಿ ಮುಟ್ಟಿತು ಅಂತ ಪೇಪರಿನಲ್ಲಿ ಬಂದ ದಿನಗಳಲ್ಲಿ ಅಣೆಕಟ್ಟಿನಿಂದ ನೀರು ಬಿಡುತ್ತಾರೆ. ಟಿ. ನರಸೀಪುರದಲ್ಲಿ ಕಬಿನಿಯೂ ಬಂದು ಸೇರುತ್ತದೆ. ನೀವಿರುವ ಕಡೆ ಒಂದು ಹನಿ ಮಳೆ ಬಿದ್ದಿರುವುದಿಲ್ಲ, ನೀರು ಮಾತ್ರ ಏರುತ್ತದೆ. ಬೇಸಿಗೆಯಲ್ಲಿ ನೀರು ಕಮ್ಮಿ ಅಂತೀರಾ? ಮೊಸಳೆ ಇದೆಯಲ್ಲ. ರಂಗನತಿಟ್ಟಿನಲ್ಲಿ ಬಂಡೆ ಮೇಲೆ ಮಲಗಿರುವುದನ್ನು ದೋಣಿಯಿಂದ ನೋಡಿರುತ್ತೀರಿ. ಅವಕ್ಕೆ ಪಕ್ಷಿಧಾಮದ ಗಡಿ ಎಲ್ಲಿ ಮುಗಿಯುತ್ತದೆ ಅಂತ ಗೊತ್ತಿಲ್ಲ.

ಕಬ್ಬಿನ ಗದ್ದೆಯ ಬದುವೂ ಬೇಡ. ಕಬ್ಬು ಆಳೆತ್ತರ ಬೆಳೆದ ಮೇಲೆ ಅದರೊಳಗೆ ಚಿರತೆ ಸುಲಭವಾಗಿ ಅಡಗುತ್ತದೆ, ಮರಿಯನ್ನೂ ಹಾಕುತ್ತದೆ. 2022ರ ಕೊನೆಯಲ್ಲಿ, 2023ರ ಶುರುವಿನಲ್ಲಿ ಟಿ. ನರಸೀಪುರ ತಾಲ್ಲೂಕಿನಲ್ಲೇ ಚಿರತೆ ದಾಳಿಗೆ ಜನ ಸತ್ತಿದ್ದಾರೆ. ಆ ಊರಿನವರೇ ಕತ್ತಲಾದ ಮೇಲೆ ಒಬ್ಬೊಬ್ಬರೇ ಓಡಾಡಲು ಹಿಂದೆ ಮುಂದೆ ನೋಡಿದ ಕಾಲ ಅದು. ಇನ್ನು ಕಾಡಿನೊಳಗೆ ಟೆಂಟ್ ಹಾಕುವ ಮಾತೇ ಇಲ್ಲ, ಅನುಮತಿ ಇಲ್ಲದೆ ಹೋದರೆ ಕೇಸು. ಬಂಡೀಪುರದ ರಸ್ತೆಯಲ್ಲಂತೂ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕೆಲವು ಬಸ್ಸು, ಆಂಬುಲೆನ್ಸ್ ಬಿಟ್ಟು ಯಾರನ್ನೂ ಬಿಡುವುದಿಲ್ಲ.

ಹಾಗಾದರೆ ಎಲ್ಲಿ? ಊರೊಳಗೆ. ಇದೇ ನನ್ನ ಉತ್ತರ, ಎಷ್ಟು ಸಲ ಕೇಳಿದರೂ.

ಸಂಜೆ ನಾಲ್ಕೂವರೆ, ಐದಕ್ಕೆ ತುಳಿಯುವುದು ನಿಲ್ಲಿಸಿ. ಇನ್ನೂ ಹತ್ತು ಕಿಲೋಮೀಟರ್ ಹೋಗಬಹುದು ಅನ್ನಿಸುತ್ತದೆ, ಹೋಗಬೇಡಿ. ಬೆಳಕಿರುವಾಗ ಬಂದ ಇಬ್ಬರು ಹೆಂಗಸರು ಅಂದರೆ ಊರಿಗೆ ನೆಂಟರು. ಕತ್ತಲಾದ ಮೇಲೆ ಬಂದರೆ ಅದೇ ಇಬ್ಬರ ಮೇಲೆ ಅನುಮಾನ. ಸೀದಾ ಹಾಲಿನ ಡೇರಿ ಹತ್ತಿರ ಹೋಗಿ. ನಮ್ಮ ಜಿಲ್ಲೆಗಳಲ್ಲಿ ಡೇರಿ ಇಲ್ಲದ ಊರು ಕಮ್ಮಿ. ಸಂಜೆ ಹಾಲು ಹಾಕುವ ಹೊತ್ತಿಗೆ ಅರ್ಧ ಊರು ಅಲ್ಲೇ ಇರುತ್ತದೆ, ಹೆಂಗಸರೂ ಕ್ಯಾನು ಹಿಡಿದು ಬಂದಿರುತ್ತಾರೆ. ಅವರ ಹತ್ತಿರ ಮಾತಾಡಿ, ಗಂಡಸರ ಹತ್ತಿರ ಅಲ್ಲ. "ಅವ್ವಾ, ಮೈಸೂರಿಂದ ಸೈಕಲ್ಲಲ್ಲಿ ಬಂದಿದ್ದೇವೆ, ರಾತ್ರಿ ಮಲಗೋಕೆ ಸ್ಕೂಲ್ ಜಗಲಿನೋ ದೇವಸ್ಥಾನದ ಜಗಲಿನೋ ಸಿಗುತ್ತಾ?" ಅಂತ ಕೇಳಿ. ಟೆಂಟ್ ಅನ್ನುವ ಮಾತೇ ಎತ್ತಬೇಡಿ. ಟೆಂಟ್ ಅಂದರೆ ಸಿನಿಮಾ ಟೆಂಟ್ ಅಂದುಕೊಳ್ಳುವ ಅಜ್ಜಿಯರು ಇನ್ನೂ ಇದ್ದಾರೆ.

ಮೊದಲ ಪ್ರಶ್ನೆ ಬರುವುದು, "ಯಾಕ್ರವ್ವಾ, ಬಸ್ ಚಾರ್ಜಿಗೆ ದುಡ್ಡಿಲ್ವಾ?" ಎರಡನೆಯದು, "ಮನೇಲಿ ಹೆಂಗ್ ಬುಟ್ರು?" ನಗುತ್ತಾ ಉತ್ತರ ಹೇಳಿ. ಮೂರನೆಯದು ಊಟ ಆಯ್ತಾ ಅಂತ. ಅಲ್ಲಿಗೆ ಜಾಗ ಸಿಕ್ಕಿದ ಹಾಗೆ. ಶಾಲೆ ಆದರೆ ಹೆಡ್ಮಾಸ್ಟರಿಗೆ ಫೋನ್ ಮಾಡಿಸಿ ಒಪ್ಪಿಗೆ ತಗೊಳ್ಳಿ. ಆಧಾರ್ ಕಾರ್ಡಿನ ಜೆರಾಕ್ಸ್ ಕೇಳುವ ಮುಂಚೆ ನೀವೇ ಕೊಡಿ. ಬೆಳಿಗ್ಗೆ ಹೊರಡುವಾಗ ಜಗಲಿ ಗುಡಿಸಿ ಹೋಗಿ. ಆ ಊರಿಗೆ ನಿಮ್ಮ ಹಿಂದೆ ಇನ್ನೊಬ್ಬರು ಬರುತ್ತಾರೆ.

ಕಬ್ಬು ಅರೆಯುವ ಕಾಲದಲ್ಲಾದರೆ ಆಲೆಮನೆ ನನಗೆ ಇಷ್ಟದ ಜಾಗ. ರಾತ್ರಿ ಪೂರ್ತಿ ದೀಪ, ಪೂರ್ತಿ ಜನ, ಡಿಸೆಂಬರಿನ ಚಳಿಯಲ್ಲೂ ಬೆಚ್ಚಗೆ. ಒಲೆಯ ಬಾಯಿಗೆ ಒಬ್ಬ ಒಣಗಿದ ಕಬ್ಬಿನ ಸಿಪ್ಪೆ ತುರುಕುತ್ತಾ ಇರುತ್ತಾನೆ. ಕೊಪ್ಪರಿಗೆಯ ಕಬ್ಬಿನ ಹಾಲು ಉಕ್ಕಿ ಬಂದಾಗ ಇನ್ನೊಬ್ಬ ಮೇಲಿನ ಮಡ್ಡಿಯನ್ನು ಜಾಲರಿ ಸೌಟಿನಲ್ಲಿ ತೆಗೆದು ಹಾಕುತ್ತಾನೆ. ಪಾಕ ಬಂತೋ ಇಲ್ಲವೋ ಅಂತ ನೋಡಲು ನೀರಿನ ಬಟ್ಟಲಿಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಉಂಡೆ ಮಾಡುತ್ತಾರೆ. ಆ ಉಂಡೆ ಕೇಳಿದರೆ ನಿಮಗೇ ಕೊಡುತ್ತಾರೆ. ಕುಟುಂಬದವರೇ ನಡೆಸುವ, ಹೆಂಗಸರು ಮಕ್ಕಳು ಓಡಾಡುವ ಆಲೆಮನೆ ನೋಡಿಕೊಳ್ಳಿ. ಒಣಸಿಪ್ಪೆ ರಾಶಿಯಿಂದ ದೂರ ಮಲಗಿ, ಅದರ ಹತ್ತಿರ ಸ್ಟವ್ ಹಚ್ಚುವುದು ದೇವರಾಣೆಗೂ ಬೇಡ.

ಟೆಂಟಿನ ಬದಲು ಏನು ಒಯ್ಯಬೇಕು ಅಂದರೆ, ಒಬ್ಬರ ಅಳತೆಯ ಸೊಳ್ಳೆ ಪರದೆ, ನಾಲ್ಕು ಮೊಳ ಹಗ್ಗ, ಒಂದು ಟಾರ್ಪಾಲಿನ್, ಒಂದು ಜಮಖಾನ, ಒಂದು ಶಾಲು. ಗದ್ದೆ ಬಯಲಿನ ಸೊಳ್ಳೆ ಎಂಥದ್ದು ಅಂತ ಮಂಡ್ಯದವರನ್ನು ಕೇಳಿ. ಪರದೆ ಒಂದಿದ್ದರೆ ಜಗಲಿಯೇ ಅರಮನೆ.

ಪ್ರಶ್ನೆ: ಮೈಸೂರಿನಿಂದ ಬೆಂಗಳೂರಿಗೆ ಹೊಸ ಹೈವೇಯಲ್ಲಿ ಸೈಕಲ್ ಬಿಡುತ್ತಾರಾ?
— ಓದುಗರು, ವಿಜಯನಗರ, ಮೈಸೂರು

ಉತ್ತರ: ಇಲ್ಲ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರು, ಸೈಕಲ್ ಯಾವುದಕ್ಕೂ ಮುಖ್ಯ ರಸ್ತೆಗೆ ಪ್ರವೇಶ ಇಲ್ಲ, ಸರ್ವೀಸ್ ರಸ್ತೆಯೇ ಗತಿ. ನಾನಾದರೆ ಬನ್ನೂರು, ಮಳವಳ್ಳಿ, ಹಲಗೂರು, ಕನಕಪುರ ಹಿಡಿಯುತ್ತೇನೆ. ಹಲಗೂರು ದಾಟಿದ ಮೇಲೆ ಕಾಡು ಹತ್ತಿರ, ಆ ಭಾಗವನ್ನು ಹಗಲಲ್ಲೇ ಮುಗಿಸಿ. ಜೂನ್, ಜುಲೈಯಲ್ಲಿ ಹೊರಟರೆ ಪಡುವಣ ಗಾಳಿ ಬೆನ್ನಿಗೆ ಇರುತ್ತದೆ, ಪುಕ್ಕಟೆ ಇಂಜಿನ್. ವಾಪಸ್ ಬರುವಾಗ ಅದೇ ಗಾಳಿ ಎದೆಗೆ. ಆಗ ಸೈಕಲ್ಲನ್ನು ರೈಲಿನ ಲಗೇಜ್ ಬೋಗಿಗೆ ಬುಕ್ ಮಾಡಿ. ರೈಲಿಗೆ ಒಂದೆರಡು ಗಂಟೆ ಮುಂಚೆ ಪಾರ್ಸೆಲ್ ಆಫೀಸಿಗೆ ಹೋಗಿ. ಎರಡು ನಿಮಿಷ ನಿಲ್ಲುವ ಸಣ್ಣ ಸ್ಟೇಷನ್ನಿನಲ್ಲಿ ಹತ್ತಿಸುವುದು, ಇಳಿಸುವುದು ಕಷ್ಟ, ದೊಡ್ಡ ಸ್ಟೇಷನ್ನೇ ಆರಿಸಿಕೊಳ್ಳಿ.

ಪ್ರಶ್ನೆ: ದಾರಿಯಲ್ಲಿ ಅಡುಗೆ ಮಾಡಿಕೊಂಡರೆ ದುಡ್ಡು ಉಳಿಯುತ್ತಾ? ಚಿಕ್ಕ ಗ್ಯಾಸ್ ಸ್ಟವ್ ತಗೊಳ್ಳಬೇಕು ಅಂತಿದ್ದೇನೆ.
— ಓದುಗ, ಮದ್ದೂರು

ಉತ್ತರ: ನಮ್ಮ ಕಡೆ ಉಳಿಯುವುದಿಲ್ಲ. ಸ್ಟವ್, ಸಿಲಿಂಡರ್, ಪಾತ್ರೆ, ಅಕ್ಕಿ, ಎಣ್ಣೆ ಅಂತ ನಾಲ್ಕೈದು ಕೆಜಿ ಹೊರುತ್ತೀರಿ. ಗ್ಯಾಸ್ ಮುಗಿದರೆ ಆ ಸೈಜಿನ ಸಿಲಿಂಡರ್ ಹಳ್ಳಿಯಲ್ಲಿ ಸಿಗುವುದಿಲ್ಲ, ರೈಲಲ್ಲಿ ಒಯ್ಯುವ ಹಾಗೂ ಇಲ್ಲ. ಮಧ್ಯಾಹ್ನಕ್ಕೆ ಯಾವ ಹೋಬಳಿ ಊರಲ್ಲಾದರೂ ಮುದ್ದೆ ಊಟ ಸಿಗುತ್ತದೆ. ದಾರಿಯಲ್ಲಿ ಆದಿಚುಂಚನಗಿರಿ, ಸುತ್ತೂರಿನಂಥ ಮಠ ಸಿಕ್ಕರೆ ದಾಸೋಹ ಇದ್ದೇ ಇದೆ. ಉಂಡ ಮೇಲೆ ಹುಂಡಿಗೆ ಕೈಲಾದದ್ದು ಹಾಕಿ.

ಬೆಳಿಗ್ಗೆ ಐದೂವರೆಗೆ ಯಾವ ಹೋಟೆಲೂ ತೆಗೆದಿರುವುದಿಲ್ಲ. ಆ ಹೊತ್ತಿಗೆ ಹುರಿಹಿಟ್ಟು. ರಾಗಿಗೆ ನೀರು ಚಿಮುಕಿಸಿ ಇಟ್ಟು, ಕಾದ ಬಾಂಡಲಿಯಲ್ಲಿ ಅರಳಿಸಿ, ಮಿಲ್ಲಿನಲ್ಲಿ ಬೀಸಿಸಿದ ಹಿಟ್ಟು. ಒಲೆ ಬೇಡ, ಪಾತ್ರೆ ಬೇಡ. ಲೋಟಕ್ಕೆ ಮೂರು ಚಮಚ ಹಿಟ್ಟು, ಪುಡಿ ಬೆಲ್ಲ, ನೀರೋ ಹಾಲೋ ಹಾಕಿ ಕಲಸಿ. ಮಜ್ಜಿಗೆ ಆದರೆ ಬೆಲ್ಲದ ಬದಲು ಉಪ್ಪು. ಗಂಟಾಗದಿರಲಿ ಅಂದರೆ ಮೊದಲು ಸ್ವಲ್ಪವೇ ನೀರು ಹಾಕಿ ಬೆರಳಲ್ಲಿ ನುಣ್ಣಗೆ ತಿಕ್ಕಿಕೊಂಡು ಆಮೇಲೆ ತೆಳ್ಳಗೆ ಮಾಡಿ. ಎರಡು ಗಂಟೆ ಹೊಟ್ಟೆ ಸುಮ್ಮನಿರುತ್ತದೆ. ಪೇಟೆಯಲ್ಲಿ ಮಿನುಗುವ ಕವರಿನಲ್ಲಿ ಮಾರುವ ಎನರ್ಜಿ ಬಾರಿನ ದುಡ್ಡಿಗೆ ಒಂದು ವಾರದ ಹುರಿಹಿಟ್ಟು ಆಗುತ್ತದೆ. ಜೇಬಿನಲ್ಲಿ ಕಡಲೆಕಾಯಿ ಬೀಜ, ಒಂದು ಅಚ್ಚು ಬೆಲ್ಲ. ಅವಲಕ್ಕಿ ನಿಮ್ಮಿಷ್ಟ, ನನಗೆ ಸೇರುವುದಿಲ್ಲ.

ಪ್ರಶ್ನೆ: ನನಗೆ ಐವತ್ತು ದಾಟಿದೆ. 30 ಕಿಲೋಮೀಟರ್ ಆಗುವಷ್ಟರಲ್ಲಿ ಕೂರಲು ಆಗುವುದಿಲ್ಲ, ಮಂಡಿಯೂ ನೋವು. ಮೆತ್ತನೆ ಜೆಲ್ ಸೀಟು ಹಾಕಿಸಲಾ?
— ಓದುಗರು, ಹುಣಸೂರು

ಉತ್ತರ: ಮೆತ್ತನೆ ಸೀಟು ಮೊದಲ ಅರ್ಧ ಗಂಟೆ ಮಾತ್ರ ಹಾಯ್. ಆಮೇಲೆ ಮೂಳೆ ಅದರೊಳಗೆ ಹೂತು, ಒತ್ತಬಾರದ ಜಾಗ ಒತ್ತುತ್ತದೆ. ಮೊದಲು ಎತ್ತರ ನೋಡಿ. ಗೋಡೆಗೆ ಒರಗಿ ಸೈಕಲ್ ಮೇಲೆ ಕೂತು, ಪೆಡಲನ್ನು ಪೂರ್ತಿ ಕೆಳಗೆ ತಂದು ಹಿಮ್ಮಡಿ ಇಡಿ. ಕಾಲು ಆಗ ನೆಟ್ಟಗಿರಬೇಕು. ಹಾಗಿದ್ದರೆ ತುಳಿಯುವಾಗ ಪಾದದ ಮುಂಭಾಗ ಇಟ್ಟಾಗ ಮಂಡಿ ಸ್ವಲ್ಪವೇ ಬಗ್ಗುತ್ತದೆ. ನಮ್ಮಲ್ಲಿ ನೂರಕ್ಕೆ ತೊಂಬತ್ತು ಜನ ಸೀಟು ತೀರಾ ಕೆಳಗಿಟ್ಟು, ಮಂಡಿಯನ್ನು ಎದೆಗೆ ತಂದು ತುಳಿಯುತ್ತಾರೆ. ನೋಯದೆ ಏನು ಮಾಡುತ್ತದೆ? ಒಳಉಡುಪಿನ ದಪ್ಪ ಹೊಲಿಗೆ ತೊಡೆ ಸಂದಿಗೆ ಬರದ ಹಾಗೆ ನೋಡಿಕೊಳ್ಳಿ. ಇದನ್ನೆಲ್ಲ ಮಾಡಿ ಎರಡು ವಾರ ತುಳಿದ ಮೇಲೂ ಮಂಡಿ ನೋವು ಹೋಗದಿದ್ದರೆ ಡಾಕ್ಟರನ್ನು ನೋಡಿ, ನನ್ನನ್ನಲ್ಲ.

ಪ್ರಶ್ನೆ: ಮಗನಿಗೆ 20 ವರ್ಷ. ಒಬ್ಬನೇ ಗೋಕರ್ಣಕ್ಕೆ ಸೈಕಲ್ಲಲ್ಲಿ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾನೆ. ಅವರಪ್ಪ ಮಾತು ಬಿಟ್ಟಿದ್ದಾರೆ. ಕಳಿಸಲಾ, ಬೇಡವಾ?
— ತಾಯಿ, ಜೆ.ಪಿ. ನಗರ, ಮೈಸೂರು

ಉತ್ತರ: ಬೇಡ ಅಂದರೆ ಹೇಳದೆ ಹೋಗುತ್ತಾನೆ, ಅಲ್ವಾ? ಗೋಕರ್ಣ ಹತ್ತಿರ ಹತ್ತಿರ 500 ಕಿಲೋಮೀಟರ್, ನಡುವೆ ಘಟ್ಟ ಇಳಿಯಬೇಕು. ಮೊದಲು ಮೇಲುಕೋಟೆಗೆ ಕಳಿಸಿ. ಐವತ್ತು ಕಿಲೋಮೀಟರ್ ಆಸುಪಾಸು, ಜಕ್ಕನಹಳ್ಳಿ ದಾಟಿದ ಮೇಲೆ ಕೊನೆಯಲ್ಲಿ ಸುಸ್ತಾದ ಕಾಲಿಗೇ ಏರು ಸಿಗುತ್ತದೆ. ರಾತ್ರಿ ಅಲ್ಲೇ ಉಳಿದು, ಮಾರನೇ ದಿನ ಪುಳಿಯೋಗರೆ ಕಟ್ಟಿಸಿಕೊಂಡು ಬರಲಿ. ಅಷ್ಟೂ ಸಾಮಾನು ಹೊತ್ತುಕೊಂಡೇ ಹೋಗಬೇಕು, ಅದು ಷರತ್ತು.

ಹೋಗುವ ಮುಂಚೆ ನಡುಮನೆಯಲ್ಲಿ ಪೇಪರ್ ಹಾಸಿ ನಿಮ್ಮ ಕಣ್ಣೆದುರಿಗೆ ಹಿಂದಿನ ಚಕ್ರ ಬಿಚ್ಚಿ, ಟ್ಯೂಬು ತೆಗೆದು, ಪಂಕ್ಚರ್ ಹಾಕಿ, ಮತ್ತೆ ಜೋಡಿಸಿ ತೋರಿಸಲಿ. ಮುಂದಿನ ಚಕ್ರ ಎಲ್ಲರೂ ಬಿಚ್ಚುತ್ತಾರೆ, ಹಿಂದಿನದೇ ಕೇಳಿ. ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ಇನ್ನೂ ಅಲ್ಲೇ ಇದೆಯಾ ಅಂತ ನೋಡುತ್ತಾನಾ, ಅದನ್ನು ಗಮನಿಸಿ. ನೋಡದೆ ಹೊಸ ಟ್ಯೂಬು ಹಾಕುವವನು ದಾರಿಯಲ್ಲಿ ಎರಡು ಸಲ ಅಳುತ್ತಾನೆ. ಇಷ್ಟು ಬಂದರೆ ಗೋಕರ್ಣದ ಮಾತು ಎತ್ತಿ. ಶಿರಾಡಿ ಘಾಟಿಯಲ್ಲಿ ಲಾರಿ, ಟ್ಯಾಂಕರು ಜಾಸ್ತಿ, ಆ ದಾರಿ ಬೇಡ ಅನ್ನಿ. ಸಂಜೆ ಐದಕ್ಕೆ ಎಲ್ಲಿ ನಿಂತೆ ಅಂತ ಒಂದು ಫೋನು, ಹಗಲೆಲ್ಲ ನೀವು ಫೋನ್ ಮಾಡಬಾರದು. ಅವರಪ್ಪನಿಗೆ ಈ ಪುಟ ಓದಲು ಕೊಡಿ.

ಪ್ರಶ್ನೆ: ಸುಗ್ಗಿ ಟೈಮಲ್ಲಿ ರಸ್ತೆ ಮೇಲೆ ಹುರುಳಿ, ರಾಗಿ ಹಾಸಿರುತ್ತಾರೆ. ಅದರ ಮೇಲೆ ಗೇರ್ ಸೈಕಲ್ ಓಡಿಸಬಹುದಾ?
— ಓದುಗ, ಕೆ.ಆರ್. ಪೇಟೆ

ಉತ್ತರ: ಓಡಿಸಬೇಡಿ, ಇಳಿದು ಎತ್ತಿಕೊಂಡು ದಾಟಿ. ಬಸ್ಸು, ಲಾರಿ ಹರಿದರೆ ಕಾಳು ಬಿಡಿಸಿಕೊಳ್ಳುತ್ತದೆ ಅಂತ ಅವರು ಹಾಸಿರುತ್ತಾರೆ. ಸೈಕಲ್ಲಿಂದ ಅವರಿಗೆ ಲಾಭ ಇಲ್ಲ, ನಿಮಗೆ ನಷ್ಟ. ಹುರುಳಿ ಬಳ್ಳಿ ಒಣಗಿದ ಮೇಲೂ ನಾರಿನ ಹಾಗೆ ಗಟ್ಟಿ. ಹಿಂದಿನ ಗೇರಿನ ಸಣ್ಣ ಚಕ್ರಕ್ಕೆ ಸುತ್ತಿಕೊಂಡರೆ, ನೀವು ತುಳಿದಷ್ಟೂ ಅದು ಇಡೀ ಗೇರನ್ನು ಚಕ್ರದ ಕಡ್ಡಿಯೊಳಗೆ ಎಳೆಯುತ್ತದೆ. ಕರ್ ಅಂತ ಸದ್ದು ಬಂದ ತಕ್ಷಣ ತುಳಿಯುವುದು ನಿಲ್ಲಿಸಿ. ಪೆಡಲನ್ನು ಹಿಂದಕ್ಕೆ ತಿರುಗಿಸಲೂ ಹೋಗಬೇಡಿ. ಇಳಿದು, ಚಾಕುವಿನಲ್ಲಿ ಬಳ್ಳಿ ಕತ್ತರಿಸಿ ತೆಗೆಯಿರಿ. ಗೇರಿಲ್ಲದ ಸೈಕಲ್ಲಿನವರಿಗೂ ಜಾರುವ ಭಯ ಇದ್ದೇ ಇದೆ, ರಾಗಿ ಹುಲ್ಲಿನ ಕೆಳಗೆ ಗುಂಡಿ ಕಾಣುವುದಿಲ್ಲ.

ಮುಂದಿನ ಸಂಚಿಕೆಗೆ ಬರೆಯುವವರು ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಸೈಜನ್ನು ನೋಡಿ ಬರೆಯಿರಿ. "ದೊಡ್ಡ ಸೈಕಲ್", "ಮೀಡಿಯಂ ಸೈಕಲ್" ಅಂದರೆ ನನಗೆ ಏನೂ ಗೊತ್ತಾಗುವುದಿಲ್ಲ.